ಸಣ್ಣ ರಕ್ತನಾಳ ಮೊದಲು ಹೇಳುತ್ತದೆ: ಕೊಲೆಸ್ಟ್ರಾಲ್ ಮತ್ತು ನಿಮಿರು ದೌರ್ಬಲ್ಯ



ರಕ್ತದಲ್ಲಿನ ಕೊಲೆಸ್ಟ್ರಾಲ್ ಏರುಪೇರಿಗೂ ಗಂಡಸರ ನಿಮಿರು ದೌರ್ಬಲ್ಯಕ್ಕೂ ಇರುವ ನಂಟು ಈ ಉಪನ್ಯಾಸದ ವಿಷಯ. ಕೊಲೆಸ್ಟ್ರಾಲ್ ಬಗ್ಗೆ ಮಾತನಾಡಲು ನಮಗೆ ಸಂಕೋಚವಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಕೂತು, ಹೋಳಿಗೆಯ ಮೇಲೆ ತುಪ್ಪ ಬಡಿಸಲು ಬಂದವರಿಗೆ ಕೈ ಅಡ್ಡ ಹಿಡಿದು, 'ನನಗೆ ಕೊಲೆಸ್ಟ್ರಾಲ್ ಇದೆ' ಎಂದು ನಾಲ್ಕು ಜನರಿಗೆ ಕೇಳುವಂತೆ ಹೇಳುತ್ತೇವೆ. ನಿಮಿರು ದೌರ್ಬಲ್ಯವನ್ನು ಕಟ್ಟಿಕೊಂಡ ಹೆಂಡತಿಯ ಎದುರಿಗೂ ಬಾಯಿಬಿಟ್ಟು ಹೇಳುವುದಿಲ್ಲ. ಊರಿಗೆಲ್ಲ ಹೇಳಬಹುದಾದ ಕಾಯಿಲೆ ಒಂದು, ಹಾಸಿಗೆಯಲ್ಲೂ ಹೇಳಲಾಗದ ಕಾಯಿಲೆ ಇನ್ನೊಂದು. ಇವೆರಡರ ಬೇರು ಎಷ್ಟೋ ಮಂದಿಯಲ್ಲಿ ಒಂದೇ ಎಂದು ತೋರಿಸುವುದು ನನ್ನ ಮೊದಲ ಕೆಲಸ. ಹೇಳಲಾಗದ ಕಾಯಿಲೆ ಹಲವರಲ್ಲಿ ಹೃದಯಾಘಾತಕ್ಕಿಂತ ಎರಡು ಮೂರು ವರ್ಷ ಮುಂಚೆಯೇ ಕಾಣಿಸಿಕೊಳ್ಳುತ್ತದೆ, ಆ ಮುನ್ಸೂಚನೆಯನ್ನು ನಾವು ನಾಚಿಕೆಯಲ್ಲಿ ಹೂತುಹಾಕುತ್ತಿದ್ದೇವೆ ಎಂದು ತೋರಿಸುವುದು ಎರಡನೆಯದು.

ಕನ್ನಡದಲ್ಲಿ ಈ ತೊಂದರೆಗೆ ಇರುವ ಹೆಸರುಗಳನ್ನು ಮೊದಲು ನೋಡೋಣ. ಷಂಡತನ, ನಪುಂಸಕತ್ವ ಎನ್ನುವಾಗ ನಾವು ಕಾಯಿಲೆಯನ್ನು ಹೆಸರಿಸುವುದಿಲ್ಲ, ಮನುಷ್ಯನ ಮೇಲೆ ತೀರ್ಪು ಕೊಡುತ್ತೇವೆ. ಇಂಗ್ಲಿಷಿನವರ ಹಳೆಯ ಮಾತು 'ಇಂಪೊಟೆನ್ಸ್' ಕೂಡ ಅಂಥದ್ದೇ ಆಗಿತ್ತು. 1992ರ ಡಿಸೆಂಬರಿನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕರೆದ ತಜ್ಞರ ಸಭೆ ಆ ಮಾತನ್ನು ಬಿಟ್ಟು 'ಎರೆಕ್ಟೈಲ್ ಡಿಸ್‌ಫಂಕ್ಷನ್' ಎಂಬುದನ್ನು ಒಪ್ಪಿತು. ತೃಪ್ತಿಕರವಾದ ಲೈಂಗಿಕ ಕ್ರಿಯೆಗೆ ಬೇಕಾದಷ್ಟು ನಿಮಿರುವಿಕೆ ಬಾರದಿರುವುದು, ಬಂದರೂ ನಿಲ್ಲದಿರುವುದು ಎಂದು ಅದರ ಅರ್ಥವನ್ನೂ ಗೊತ್ತುಮಾಡಿತು. ಎಂದೋ ಒಂದು ರಾತ್ರಿ ಆದದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಮತ್ತೆ ಮತ್ತೆ, ತಿಂಗಳುಗಟ್ಟಲೆ ಆಗಬೇಕು. ಬಯಕೆ ಕಡಿಮೆಯಾಗುವುದು ಬೇರೆ, ಶೀಘ್ರಸ್ಖಲನ ಬೇರೆ, ಮಕ್ಕಳಾಗದಿರುವುದು ಬೇರೆ. ನಮ್ಮ ಮಾತುಕತೆಯಲ್ಲಿ ಈ ನಾಲ್ಕನ್ನೂ ಒಂದೇ ಗಂಟು ಕಟ್ಟಿಬಿಡುತ್ತೇವೆ.

ಬಸ್ ನಿಲ್ದಾಣದ ಗೋಡೆಗಳ ಮೇಲೆ, ರೈಲು ಹಳಿಯ ಪಕ್ಕದ ಕಾಂಪೌಂಡುಗಳ ಮೇಲೆ ಬರೆದಿರುವ ಇನ್ನೊಂದು ಹೆಸರಿದೆ: ನರದೌರ್ಬಲ್ಯ. ಈ ಮಾತಿನ ಮುಂದೆ ನಾನು ಸ್ವಲ್ಪ ಹೊತ್ತು ನಿಲ್ಲಬೇಕು. ಆಸ್ಪತ್ರೆಯ ಫಲಕದಲ್ಲಿ 'ನರರೋಗ ತಜ್ಞ' ಎಂದಿದ್ದರೆ ಮಿದುಳು ಮತ್ತು ಮಿದುಳುಬಳ್ಳಿಯಿಂದ ಹೊರಡುವ ತಂತುಗಳ ವೈದ್ಯ ಎಂದು ಅರ್ಥ. ಅದೇ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸಮ್ಮ 'ಗ್ಲೂಕೋಸ್ ಹಾಕಲು ನರ ಸಿಗುತ್ತಿಲ್ಲ' ಎಂದರೆ ರಕ್ತನಾಳ ಎಂದು ಅರ್ಥ. ಹೊಲದಲ್ಲಿ ದುಡಿದವನ ಮುಂಗೈಯಲ್ಲಿ ಉಬ್ಬಿ ಕಾಣುವುದೂ ನಮ್ಮ ಬಾಯಲ್ಲಿ ನರವೇ. ವೈದ್ಯಶಾಸ್ತ್ರ ಬೇರ್ಪಡಿಸಿದ ಎರಡು ಸಂಗತಿಗಳನ್ನು ಆಡುಗನ್ನಡ ಒಂದೇ ಪದದಲ್ಲಿ ಇಟ್ಟುಕೊಂಡಿದೆ. ಗೋಡೆಬರಹದವರು ಈ ಮಾತನ್ನು ಹೆದರಿಸಲು ಬಳಸುತ್ತಾರೆ: ಹರೆಯದಲ್ಲಿ ಮಾಡಿದ ತಪ್ಪಿನಿಂದ, ಧಾತು ಹೋದದ್ದರಿಂದ ನರ ಸತ್ತಿದೆ ಎನ್ನುತ್ತಾರೆ. ಹಾಗೆ ಯಾವ ನರವೂ ಸಾಯುವುದಿಲ್ಲ. ಆದರೆ ನರ ಎಂಬುದಕ್ಕೆ ರಕ್ತನಾಳ ಎಂಬ ಅರ್ಥ ಹಿಡಿದುಕೊಂಡರೆ, ನಡುವಯಸ್ಸು ದಾಟಿದ ಗಂಡಸರ ನಿಮಿರು ದೌರ್ಬಲ್ಯದ ದೊಡ್ಡ ಪಾಲಿಗೆ ಇಷ್ಟು ನಿಖರವಾದ ಹೆಸರು ಇನ್ನೊಂದಿಲ್ಲ. ಅದು ರಕ್ತನಾಳದ ದೌರ್ಬಲ್ಯ. ಹೆಸರು ಸರಿಯಾಗಿದ್ದೂ ಅರ್ಥ ತಪ್ಪಾದದ್ದರಿಂದ ಎಷ್ಟೋ ಗಂಡಸರು ಹೃದಯ ತಜ್ಞರ ಬಾಗಿಲಿಗೆ ಹೋಗಬೇಕಾದ ಹೊತ್ತಿನಲ್ಲಿ ಲೇಹ್ಯದ ಡಬ್ಬಿ ಹಿಡಿದುಕೊಂಡು ಮನೆಗೆ ಬಂದಿದ್ದಾರೆ.

ಇದನ್ನು ಒಪ್ಪಬೇಕಾದರೆ ನಿಮಿರುವಿಕೆ ಹೇಗೆ ಆಗುತ್ತದೆ ಎಂಬುದು ತಿಳಿದಿರಬೇಕು. ಶಿಶ್ನದ ಉದ್ದಕ್ಕೂ ಸ್ಪಂಜಿನಂಥ ಎರಡು ಕಂಬಗಳಿವೆ. ಅವುಗಳಲ್ಲಿ ಲೆಕ್ಕವಿಲ್ಲದಷ್ಟು ಪುಟ್ಟ ಗೂಡುಗಳು. ಗೂಡುಗಳ ಗೋಡೆ ನಮ್ಮ ಇಚ್ಛೆಗೆ ಒಳಪಡದ ಸ್ನಾಯುವಿನದು. ಸಾಮಾನ್ಯ ಹೊತ್ತಿನಲ್ಲಿ ಈ ಸ್ನಾಯು ಬಿಗಿಯಾಗಿರುತ್ತದೆ, ರಕ್ತ ಅಷ್ಟಕ್ಕಷ್ಟೇ ಹರಿಯುತ್ತದೆ. ಉದ್ರೇಕವಾದಾಗ ಸ್ನಾಯು ಸಡಿಲಗೊಳ್ಳುತ್ತದೆ, ಅಪಧಮನಿಗಳು ಹಿಗ್ಗುತ್ತವೆ, ರಕ್ತ ನುಗ್ಗಿ ಗೂಡುಗಳನ್ನು ತುಂಬುತ್ತದೆ. ತುಂಬಿದ ಗೂಡುಗಳು ಹೊರಗಿನ ಗಟ್ಟಿ ಪೊರೆಗೆ ಒತ್ತಿಕೊಂಡಾಗ ರಕ್ತವನ್ನು ಹೊರಗೊಯ್ಯುವ ಅಭಿಧಮನಿಗಳು ನಡುವೆ ಸಿಕ್ಕಿ ಮುಚ್ಚಿಹೋಗುತ್ತವೆ. ಕೆರೆಗೆ ನೀರು ಬರುವ ಕಾಲುವೆ ತೆರೆದು ತೂಬನ್ನು ಮುಚ್ಚಿದಂತೆ. ಬಿಗಿಯಾಗುವುದರಿಂದ ಅಲ್ಲ, ಸಡಿಲವಾಗುವುದರಿಂದ ನಿಮಿರುವಿಕೆ ಬರುತ್ತದೆ ಎಂಬ ಈ ಸಂಗತಿಯನ್ನು ಹೆಚ್ಚಿನ ಗಂಡಸರು ಕೇಳಿರುವುದಿಲ್ಲ.

ಸಡಿಲವಾಗು ಎಂದು ಸ್ನಾಯುವಿಗೆ ಹೇಳುವವರು ಯಾರು? ಆ ಉತ್ತರಕ್ಕೆ ಇಪ್ಪತ್ತನೆಯ ಶತಮಾನದ ಕೊನೆಯವರೆಗೆ ಕಾಯಬೇಕಾಯಿತು. ರಕ್ತನಾಳಗಳ ಒಳಮೈಯಲ್ಲಿ ಒಂದೇ ಒಂದು ಜೀವಕೋಶದಷ್ಟು ದಪ್ಪದ ಪದರವಿದೆ. ಎಂಡೋಥೀಲಿಯಂ ಎಂದು ಅದರ ಹೆಸರು. ಬಹುಕಾಲ ಅದನ್ನು ಬರಿಯ ಒಳಲೇಪ ಎಂದೇ ತಿಳಿದಿದ್ದರು. 1980ರಲ್ಲಿ ರಾಬರ್ಟ್ ಫರ್ಚ್‌ಗಾಟ್, ಆ ಪದರ ಕೆಟ್ಟರೆ ನಾಳ ಹಿಗ್ಗುವುದಿಲ್ಲ, ಅದರಿಂದ ಏನೋ ಒಂದು ಸಂದೇಶ ಸ್ನಾಯುವಿಗೆ ಹೋಗುತ್ತಿದೆ ಎಂದು ತೋರಿಸಿದರು. ಆ ಸಂದೇಶ ನೈಟ್ರಿಕ್ ಆಕ್ಸೈಡ್ ಎಂಬ ಪುಟ್ಟ ಅನಿಲವೆಂದು ಕೆಲವು ವರ್ಷಗಳಲ್ಲೇ ಗೊತ್ತಾಯಿತು. ಫರ್ಚ್‌ಗಾಟ್, ಲೂಯಿ ಇಗ್ನಾರೊ, ಫೆರಿಡ್ ಮುರಾದ್ ಮೂವರಿಗೂ 1998ರ ನೊಬೆಲ್ ಬಂತು. ಶಿಶ್ನದ ಸ್ನಾಯುವನ್ನು ಸಡಿಲಗೊಳಿಸುವುದೂ ಇದೇ ಅನಿಲ ಎಂದು ಇಗ್ನಾರೊ ಮತ್ತು ಸಂಗಡಿಗರು 1990ರ ದಶಕದ ಆರಂಭದಲ್ಲಿ ತೋರಿಸಿದ್ದರು. ಅದು ಮೊದಲು ಆ ಭಾಗದ ನರತಂತುಗಳಿಂದ ಹೊರಡುತ್ತದೆ. ರಕ್ತ ನುಗ್ಗತೊಡಗಿದ ಮೇಲೆ ನಾಳಗಳ ಒಳಪದರ ಇನ್ನಷ್ಟನ್ನು ಸುರಿಸಿ ನಿಮಿರುವಿಕೆಯನ್ನು ಹಿಡಿದಿಡುತ್ತದೆ. ಬಂದದ್ದು ನಿಲ್ಲಬೇಕಾದರೆ ಈ ಒಳಪದರ ಆರೋಗ್ಯವಾಗಿರಬೇಕು.

ಕೊಲೆಸ್ಟ್ರಾಲ್ ಪೆಟ್ಟು ಕೊಡುವುದು ಇಲ್ಲಿಯೇ. ಕೊಲೆಸ್ಟ್ರಾಲನ್ನು ವಿಷ ಎಂದು ತಿಳಿಯುವವರಿದ್ದಾರೆ, ಹಾಗಲ್ಲ. ಜೀವಕೋಶಗಳ ಪೊರೆಗೆ ಅದು ಬೇಕು, ಪಿತ್ತರಸಕ್ಕೆ ಬೇಕು, ಗಂಡಸಿನ ಟೆಸ್ಟೋಸ್ಟಿರೋನ್ ಹಾರ್ಮೋನು ತಯಾರಾಗುವುದೂ ಅದರಿಂದಲೇ. ಹೆಚ್ಚಿನ ಪಾಲನ್ನು ದೇಹ ತಾನೇ ಮಾಡಿಕೊಳ್ಳುತ್ತದೆ, ಊಟದಿಂದ ಬರುವುದು ಕಡಿಮೆ. ಎಣ್ಣೆಯಂತೆ ಅದೂ ರಕ್ತದಲ್ಲಿ ಕರಗದು; ಪ್ರೋಟೀನಿನ ಗಾಡಿ ಹತ್ತಿ ತಿರುಗಬೇಕು. ಪಿತ್ತಜನಕಾಂಗದಿಂದ ಹೊರಟದ್ದನ್ನು ಮೈಯೆಲ್ಲ ಹಂಚುವ ಗಾಡಿ ಎಲ್‌ಡಿಎಲ್, ಹೆಚ್ಚಾದದ್ದನ್ನು ಹಿಂದಕ್ಕೆ ತರಲು ನೆರವಾಗುವುದು ಎಚ್‌ಡಿಎಲ್. ಎಲ್‌ಡಿಎಲ್ ಹೆಚ್ಚಾದಾಗ ಅದು ನಾಳದ ಒಳಪದರದಡಿ ನುಸುಳಿ ಕೂರುತ್ತದೆ, ಅಲ್ಲೇ ಆಮ್ಲಜನಕದೊಡನೆ ಸೇರಿ ಕೆಡುತ್ತದೆ. ಕೆಟ್ಟ ಎಲ್‌ಡಿಎಲ್ ಎರಡು ಹಾನಿ ಮಾಡುತ್ತದೆ: ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವವನ್ನು ಮಂಕಾಗಿಸುತ್ತದೆ, ತಯಾರಾದ ಅಷ್ಟಿಷ್ಟನ್ನೂ ಅಲ್ಲಿ ಹುಟ್ಟುವ ಆಮ್ಲಜನಕದ ಉಗ್ರ ಕಣಗಳು ನುಂಗಿಬಿಡುತ್ತವೆ. ಒಳಪದರ ಕಣ್ಣಿಗೆ ಸರಿಯಾಗಿಯೇ ಕಾಣುತ್ತಿರುತ್ತದೆ, ನಾಳದಲ್ಲಿ ಇನ್ನೂ ಯಾವ ಅಡ್ಡಿಯೂ ಕಟ್ಟಿಕೊಂಡಿರುವುದಿಲ್ಲ, ಆದರೆ ಹಿಗ್ಗು ಎಂದಾಗ ನಾಳ ಹಿಗ್ಗದು. ಅಡಚಣೆ ಬರುವ ಮುಂಚಿನ ಈ ಘಟ್ಟವನ್ನು ನಾವು ಎಷ್ಟು ಒತ್ತಿ ಹೇಳಿದರೂ ಕಡಿಮೆ. 'ಬ್ಲಾಕ್ ಆಗಿದೆಯಾ ಡಾಕ್ಟ್ರೇ?' ಎಂದು ಎಲ್ಲರೂ ಕೇಳುತ್ತಾರೆ. ಬ್ಲಾಕ್ ಆಗುವುದು ಕತೆಯ ಕೊನೆಯ ಅಧ್ಯಾಯ.

ವರ್ಷಗಳು ಕಳೆದಂತೆ ಕೊಬ್ಬು, ಸುಣ್ಣ, ನಾರು ಕೂಡಿ ನಾಳದ ಗೋಡೆ ಪೆಡಸಾಗುತ್ತದೆ, ಒಳದಾರಿ ಕಿರಿದಾಗುತ್ತದೆ. ರಕ್ತ ಕಡಿಮೆಯಾದ ಸ್ಪಂಜಿನ ಕಂಬಗಳಲ್ಲಿ ಸ್ನಾಯು ಸವೆದು ಅದರ ಜಾಗದಲ್ಲಿ ನಾರು ಬೆಳೆಯುತ್ತದೆ. ಆಮೇಲೆ ಗೂಡುಗಳು ಪೂರ್ತಿ ಹಿಗ್ಗುವುದಿಲ್ಲ, ಅಭಿಧಮನಿಗಳು ಮುಚ್ಚುವುದಿಲ್ಲ, ಬಂದ ರಕ್ತ ಸೋರಿಹೋಗುತ್ತದೆ. ಈ ಹಂತ ಮುಟ್ಟಿದವರಿಗೆ ಮಾತ್ರೆಗಳೂ ಚೆನ್ನಾಗಿ ಕೆಲಸ ಮಾಡುವುದಿಲ್ಲ. ಆದ್ದರಿಂದಲೇ ತಡಮಾಡಬಾರದು ಎನ್ನುವುದು.

ಈ ತಿಳಿವಳಿಕೆ ಕಟ್ಟಿಕೊಂಡ ಬಗೆಯಲ್ಲಿ ಮೊಲಗಳಿಗೆ ದೊಡ್ಡ ಪಾತ್ರವಿದೆ. 1913ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನಿಕೊಲಾಯ್ ಅನಿಚ್ಕೊವ್ ಮೊಲಗಳಿಗೆ ಕೊಲೆಸ್ಟ್ರಾಲ್ ತಿನ್ನಿಸಿ ಅವುಗಳ ಮಹಾಪಧಮನಿಯಲ್ಲಿ ಕೊಬ್ಬಿನ ಪಟ್ಟೆಗಳು ಏಳುವುದನ್ನು ತೋರಿಸಿದರು. ಜಗತ್ತು ಆ ಮಾತನ್ನು ದಶಕಗಳ ಕಾಲ ಪೂರ್ತಿ ಕಿವಿಗೆ ಹಾಕಿಕೊಳ್ಳಲಿಲ್ಲ. ಸುಮಾರು ಎಂಟು ದಶಕಗಳ ನಂತರ, 1991ರಲ್ಲಿ, ಬಾಸ್ಟನ್ನಿನ ಸಂಶೋಧಕರು ಕೊಲೆಸ್ಟ್ರಾಲ್ ತಿಂದ ಮೊಲಗಳ ಶಿಶ್ನದ ಅಂಗಾಂಶವನ್ನು ಪರೀಕ್ಷಿಸಿ, ಒಳಪದರದ ಮೂಲಕ ಆಗಬೇಕಾದ ಸಡಿಲಿಕೆ ಅದರಲ್ಲಿ ಕುಂದಿದೆ ಎಂದು ಪ್ರಕಟಿಸಿದರು. ಮೊಲಕ್ಕೆ ಆಫೀಸಿನ ಚಿಂತೆಯಿಲ್ಲ, ಸಾಲದ ಕಂತಿಲ್ಲ, ಗಂಡಸುತನದ ಬಗ್ಗೆ ಕೀಳರಿಮೆಯಿಲ್ಲ. 'ಎಲ್ಲ ಮನಸ್ಸಿನದು' ಎನ್ನುತ್ತಿದ್ದವರಿಗೆ ಆ ಪ್ರಯೋಗ ಸಾಕಷ್ಟು ಉತ್ತರ ಕೊಟ್ಟಿತು.

ಹಾಗೆ ಎನ್ನುತ್ತಿದ್ದವರಲ್ಲಿ ದೊಡ್ಡ ವೈದ್ಯರೂ ಇದ್ದರು. 1970ರ ದಶಕದಲ್ಲಿ ಕೂಡ ನಿಮಿರು ದೌರ್ಬಲ್ಯದ ಬಹುಪಾಲು ಮಾನಸಿಕ ಎಂಬುದೇ ಪಾಠವಾಗಿತ್ತು. ಬೇರೆ ದನಿ ಎದ್ದದ್ದು ಶಸ್ತ್ರವೈದ್ಯರಿಂದ. ಫ್ರಾನ್ಸಿನ ರೆನೆ ಲರೀಶ್, ಹೊಟ್ಟೆಯ ಮಹಾಪಧಮನಿ ಕಾಲುಗಳಿಗೆ ಕವಲೊಡೆಯುವಲ್ಲಿ ಕಟ್ಟಿಕೊಂಡರೆ ನಡೆಯುವಾಗ ತೊಡೆ ನೋಯುವುದರ ಜೊತೆಗೆ ನಿಮಿರುವಿಕೆಯೂ ನಿಲ್ಲುತ್ತದೆ ಎಂಬುದನ್ನು ಗಮನಿಸಿದ್ದರು. ಆ ಲಕ್ಷಣಕೂಟ ಇಂದಿಗೂ ಅವರ ಹೆಸರಿನಲ್ಲಿದೆ. 1985ರಲ್ಲಿ ಪ್ಯಾರಿಸಿನ ರೊನಾಲ್ಡ್ ವಿರಾಗ್ ಮತ್ತು ಸಂಗಡಿಗರು 440 ಗಂಡಸರನ್ನು ಪರೀಕ್ಷಿಸಿ, ಇದು ಅಪಧಮನಿಯ ಕಾಯಿಲೆಯೇ ಎಂಬ ಪ್ರಶ್ನೆಯನ್ನು ಬ್ರಿಟನ್ನಿನ ಹೆಸರಾಂತ ವೈದ್ಯಪತ್ರಿಕೆಯಲ್ಲಿ ನೇರವಾಗಿ ಕೇಳಿದರು. ಹೃದಯಕ್ಕೆ ಯಾವುವು ಅಪಾಯಕಾರಿಯೋ ಅವೇ ಇಲ್ಲಿಯೂ ಕಂಡವು: ಹೊಗೆಸೊಪ್ಪು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ರಕ್ತದ ಕೊಬ್ಬು.

ಅದರ ಬೆನ್ನಿಗೆ ಜನಸಮುದಾಯದ ಲೆಕ್ಕಗಳು ಬಂದವು. ಬಾಸ್ಟನ್ ಸುತ್ತಮುತ್ತಲಿನ 40ರಿಂದ 70 ವರ್ಷದ 1,290 ಗಂಡಸರ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ 52 ಮಂದಿಗೆ ಒಂದಲ್ಲ ಒಂದು ಮಟ್ಟದ ನಿಮಿರು ದೌರ್ಬಲ್ಯವಿತ್ತು; ಪೂರ್ತಿ ವೈಫಲ್ಯ ಸುಮಾರು ಶೇ 10 ಮಂದಿಯಲ್ಲಿ. ಒಟ್ಟು ಕೊಲೆಸ್ಟ್ರಾಲಿಗೂ ತೊಂದರೆಗೂ ಅಲ್ಲಿ ನಂಟು ಕಾಣಲಿಲ್ಲ. ಎಚ್‌ಡಿಎಲ್ ಕಡಿಮೆ ಇದ್ದವರಲ್ಲಿ ತೊಂದರೆ ಹೆಚ್ಚಿತ್ತು. ಅದೇ ವರ್ಷ ಡಲ್ಲಾಸಿನ ಒಂದು ಚಿಕಿತ್ಸಾಲಯದ ಮೂರು ಸಾವಿರಕ್ಕೂ ಹೆಚ್ಚು ಗಂಡಸರ ಲೆಕ್ಕ ಬಂತು. ಒಟ್ಟು ಕೊಲೆಸ್ಟ್ರಾಲ್ 240 ಮಿಲಿಗ್ರಾಂ ಮೀರಿದವರಿಗೆ, 180ರ ಕೆಳಗಿನವರಿಗೆ ಹೋಲಿಸಿದರೆ, ಅಪಾಯ ಸುಮಾರು 1.8 ಪಟ್ಟು. ಎಚ್‌ಡಿಎಲ್ 60 ದಾಟಿದವರಿಗೆ 30ರ ಕೆಳಗಿದ್ದವರ ಅಪಾಯದ ಮೂರನೆಯ ಒಂದು ಪಾಲೂ ಇರಲಿಲ್ಲ.

ಎರಡು ಅಧ್ಯಯನ, ಎರಡು ಉತ್ತರ ಎಂದು ನೀವು ಕೇಳಬಹುದು. ಒಟ್ಟು ಕೊಲೆಸ್ಟ್ರಾಲ್ ಒಂದು ಒರಟು ಅಳತೆ. ಹಂಚುವ ಗಾಡಿಯನ್ನೂ ಹಿಂದಕ್ಕೆ ತರುವ ಗಾಡಿಯನ್ನೂ ಒಟ್ಟಿಗೆ ಎಣಿಸುತ್ತದೆ. ಎರಡರಲ್ಲೂ ಗಟ್ಟಿಯಾಗಿ ನಿಂತದ್ದು ಎಚ್‌ಡಿಎಲ್ ಕೊರತೆಯ ನಂಟು. ಭಾರತೀಯರಾದ ನಾವು ಇಲ್ಲಿ ಕಿವಿ ನಿಮಿರಿಸಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್, ಚಂಡೀಗಢಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಹೆಚ್ಚು ಕೊಲೆಸ್ಟ್ರಾಲ್ ಇದ್ದವರು ಶೇ 14ರಷ್ಟು ಮಾತ್ರ, ಎಚ್‌ಡಿಎಲ್ ಕಡಿಮೆ ಇದ್ದವರು ಶೇ 72ರಷ್ಟು. ನಮ್ಮ ರೋಗ ಕೊರತೆಯ ಕಡೆಗೆ ವಾಲಿದೆ. ಅದರ ಜೊತೆಗೆ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಹೆಚ್ಚು, ಹೊಟ್ಟೆಯ ಬೊಜ್ಜು, ಸಕ್ಕರೆ. 'ನನ್ನ ಕೊಲೆಸ್ಟ್ರಾಲ್ ನಾರ್ಮಲ್' ಎಂದು ಒಂದೇ ಸಂಖ್ಯೆ ನೋಡಿ ರಿಪೋರ್ಟನ್ನು ಬೀರುವಿನಲ್ಲಿ ಇಟ್ಟವರು ಕೆಳಗಿನ ಸಾಲುಗಳನ್ನೂ ಓದಬೇಕು.

ಈಗ ಮುನ್ಸೂಚನೆಯ ಮಾತಿಗೆ ಬರುತ್ತೇನೆ. 2003ರಲ್ಲಿ ಇಟಲಿಯ ಮಿಲಾನಿನಲ್ಲಿ ಫ್ರಾಂಚೆಸ್ಕೊ ಮೊಂಟೊರ್ಸಿ ಮತ್ತು ಸಂಗಡಿಗರು, ಎದೆನೋವೆಂದು ಬಂದು ಹೃದಯದ ನಾಳಗಳಲ್ಲಿ ಕಾಯಿಲೆ ಇರುವುದು ಆಂಜಿಯೋಗ್ರಾಮಿನಲ್ಲಿ ಖಚಿತವಾಗಿದ್ದ 300 ಗಂಡಸರನ್ನು ಒಂದು ಪ್ರಶ್ನೆ ಕೇಳಿದರು. 147 ಮಂದಿ, ಎಂದರೆ ಸುಮಾರು ಅರ್ಧದಷ್ಟು ಜನ, ತಮಗೆ ನಿಮಿರು ದೌರ್ಬಲ್ಯವಿದೆ ಎಂದರು. ಅವರಲ್ಲಿ ಮೂರರಲ್ಲಿ ಎರಡು ಪಾಲಿನವರಿಗೆ ಅದು ಎದೆನೋವಿಗಿಂತ ಮೊದಲೇ ಶುರುವಾಗಿತ್ತು. ಸರಾಸರಿ 39 ತಿಂಗಳು ಮೊದಲು. ಮೂರು ವರ್ಷಕ್ಕೂ ಹೆಚ್ಚು ಕಾಲ ಆ ದೇಹಗಳು ಒಂದು ಸುದ್ದಿಯನ್ನು ಹೇಳುತ್ತಲೇ ಇದ್ದವು.

ಏಕೆ ಹೀಗೆ ಎಂಬುದಕ್ಕೆ ಮಿಲಾನಿನವರು ಕೊಟ್ಟ ವಿವರಣೆ ನನಗೆ ಬಹಳ ಇಷ್ಟವಾದದ್ದು, ಹಳ್ಳಿಯ ನೀರುಗಂಟಿಗೂ ತಿಳಿಯುವಂಥದ್ದು. ಶಿಶ್ನದ ಅಪಧಮನಿಯ ಅಗಲ 1ರಿಂದ 2 ಮಿಲಿಮೀಟರ್. ಹೃದಯದ ಕೊರೊನರಿ ನಾಳ 3ರಿಂದ 4. ಮಿದುಳಿಗೆ ಹೋಗುವ ಕೆರೋಟಿಡ್ 5ರಿಂದ 7. ತೊಡೆಯದು 6ರಿಂದ 8. ಒಂದೇ ದಪ್ಪದ ಪಾಚಿ ಎಲ್ಲ ಪೈಪುಗಳಲ್ಲಿ ಕಟ್ಟಿಕೊಂಡರೆ ಮೊದಲು ನೀರು ನಿಲ್ಲುವುದು ಸಣ್ಣ ಪೈಪಿನಲ್ಲಿ. ಕೊಬ್ಬಿನ ಕಾಯಿಲೆ ಒಂದು ಅಂಗಕ್ಕೆ ಸೀಮಿತವಲ್ಲ, ಮೈಯ ಎಲ್ಲ ನಾಳಗಳಿಗೂ ಒಟ್ಟಿಗೆ ಬರುತ್ತದೆ. ಸಣ್ಣದು ಮೊದಲು ಸೋಲುತ್ತದೆ. ಇದರ ಜೊತೆಗೆ, ನಾಳ ಬಹಳಷ್ಟು ಹಿಗ್ಗಲೇಬೇಕಾದ ಅಂಗ ಇದು. ಒಳಪದರ ಸ್ವಲ್ಪ ಸೋತರೂ ಇಲ್ಲಿ ಗೊತ್ತಾಗುತ್ತದೆ.

ಆಮೇಲಿನ ಅಧ್ಯಯನಗಳು ಇದಕ್ಕೆ ಬಲ ಕೊಟ್ಟವು. 2005ರಲ್ಲಿ ಅಮೆರಿಕದಲ್ಲಿ, ಪ್ರಾಸ್ಟೇಟ್ ಕ್ಯಾನ್ಸರ್ ತಡೆಯುವ ಪ್ರಯೋಗವೊಂದಕ್ಕೆ ಸೇರಿದ್ದ 55 ದಾಟಿದ ಗಂಡಸರ ದಾಖಲೆಗಳನ್ನು ತೆಗೆದು ನೋಡಿದಾಗ, ಹೊಸದಾಗಿ ನಿಮಿರು ದೌರ್ಬಲ್ಯ ಬಂದವರಿಗೆ ಹೃದಯ-ರಕ್ತನಾಳದ ಅವಘಡದ ಅಪಾಯ ಶೇ 25ರಷ್ಟು ಹೆಚ್ಚಿತ್ತು. ಸಿಗರೇಟು ಸೇದುವುದಕ್ಕೆ, ಮನೆತನದಲ್ಲಿ ಹೃದಯಾಘಾತ ಇರುವುದಕ್ಕೆ ಸಮನಾದ ಅಪಾಯ ಅದು. ಮಿನೆಸೋಟದ ಓಲ್ಮ್‌ಸ್ಟೆಡ್ ಜಿಲ್ಲೆಯ ಗಂಡಸರನ್ನು ವರ್ಷಗಟ್ಟಲೆ ಹಿಂಬಾಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ತೀಕ್ಷ್ಣವಾದ ಒಂದು ಸಂಗತಿ ಹೇಳಿತು: ಎಪ್ಪತ್ತು ದಾಟಿದವರಲ್ಲಿ ಈ ತೊಂದರೆ ಹೃದಯದ ಬಗ್ಗೆ ಹೆಚ್ಚೇನೂ ತಿಳಿಸುವುದಿಲ್ಲ, ನಲವತ್ತರ ಹರೆಯದವರಲ್ಲಿ ಬಹಳ ತಿಳಿಸುತ್ತದೆ. ಆ ವಯಸ್ಸಿನಲ್ಲಿ ದೌರ್ಬಲ್ಯವಿದ್ದವರ ಸಂಖ್ಯೆ ಚಿಕ್ಕದಾದ್ದರಿಂದ ಅಲ್ಲಿಯ ಪ್ರಮಾಣವನ್ನು ಅಕ್ಷರಶಃ ಹಿಡಿಯಬಾರದು, ಆದರೆ ದಿಕ್ಕು ಸ್ಪಷ್ಟ. ನಾವು ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾಗಿ ಯೋಚಿಸುತ್ತೇವೆ. ಮುದುಕನಿಗೆ ಬಂದರೆ ದೇಹದ ಕಾರಣ, 45ರವನಿಗೆ ಬಂದರೆ 'ಟೆನ್ಷನ್' ಎಂದು ಬೆನ್ನು ತಟ್ಟಿ ಕಳಿಸುತ್ತೇವೆ.

ಈ ಮಾತು ಕರ್ನಾಟಕಕ್ಕೆ ಏಕೆ ತಟ್ಟಬೇಕು ಎಂಬುದನ್ನು ಬಹಳ ವಿವರಿಸಬೇಕಾಗಿಲ್ಲ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಇತರರಿಗಿಂತ ಐದಾರು ವರ್ಷ ಮುಂಚೆ ಬರುತ್ತದೆ ಎಂದು 52 ದೇಶಗಳನ್ನು ಒಳಗೊಂಡ 'ಇಂಟರ್‌ಹಾರ್ಟ್' ಅಧ್ಯಯನ ತೋರಿಸಿತ್ತು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ನಲವತ್ತರೊಳಗಿನ ರೋಗಿಗಳಿಗೆಂದೇ ಪ್ರತ್ಯೇಕ ದಾಖಲೆ ಇಡಬೇಕಾಗಿ ಬಂದಿದೆ. 2021ರ ಅಕ್ಟೋಬರಿನಲ್ಲಿ ನಟ ಪುನೀತ್ ರಾಜಕುಮಾರ್ 46ರ ವಯಸ್ಸಿಗೆ ಹಠಾತ್ತನೆ ತೀರಿಕೊಂಡಾಗ ಹೃದಯ ತಪಾಸಣೆಗೆ ನಾಡಿನ ಆಸ್ಪತ್ರೆಗಳ ಮುಂದೆ ನಿಂತ ಸಾಲುಗಳನ್ನು ನಾವೆಲ್ಲ ನೋಡಿದ್ದೇವೆ. ಅಷ್ಟು ಜನರಲ್ಲಿ ಎಷ್ಟು ಮಂದಿ ನಿಮಿರು ದೌರ್ಬಲ್ಯವನ್ನು ಬಾಯಿಬಿಟ್ಟು ಹೇಳಿದರು, ಎಷ್ಟು ಮಂದಿಯನ್ನು ವೈದ್ಯರು ಕೇಳಿದರು? ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಮನೋವೈದ್ಯರು ಹಳ್ಳಿಗೇ ಹೋಗಿ, ಮನೆಮನೆಯಲ್ಲಿ ಕೂತು ಕೇಳಿ, ಗಂಡಸರಲ್ಲಿ ಸುಮಾರು ಶೇ 16 ಮಂದಿಗೆ ಈ ತೊಂದರೆ ಇರುವುದನ್ನು ದಾಖಲಿಸಿದ್ದಾರೆ. ಮರ್ಯಾದೆಯಿಂದ ಕೇಳಿದರೆ ನಮ್ಮ ಹಳ್ಳಿಯ ಗಂಡಸರೂ ಹೇಳುತ್ತಾರೆ.

ಇಲ್ಲಿ ನಾನು ಕೆಲವು ಎಚ್ಚರಿಕೆಗಳನ್ನು ಹೇಳದಿದ್ದರೆ ವಾದ ಅತಿಯಾಗುತ್ತದೆ. ಎಲ್ಲ ನಿಮಿರು ದೌರ್ಬಲ್ಯವೂ ಕೊಲೆಸ್ಟ್ರಾಲಿನದಲ್ಲ. ಸಕ್ಕರೆ ಕಾಯಿಲೆ ನರತಂತುಗಳನ್ನೂ ನಾಳಗಳನ್ನೂ ಒಟ್ಟಿಗೆ ಕೆಡಿಸುತ್ತದೆ. ಹಾರ್ಮೋನಿನ ಕೊರತೆ, ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆ, ಖಿನ್ನತೆ, ಕುಡಿತ, ಕೆಲವು ಔಷಧಗಳು, ಗಂಡಹೆಂಡಿರ ನಡುವಿನ ಮುನಿಸು, ಎಲ್ಲವೂ ಕಾರಣವಾಗಬಲ್ಲವು. ಹೊಸದಾಗಿ ಮದುವೆಯಾದ 25ರ ಹುಡುಗ ಮೊದಲ ರಾತ್ರಿ ಸೋತರೆ ಅದು ಹೆಚ್ಚಾಗಿ ಹೆದರಿಕೆ; ಅವನನ್ನು ಹೃದ್ರೋಗಿ ಎಂದು ಬೆದರಿಸುವುದು ಗೋಡೆಬರಹದವರ ಕೆಲಸಕ್ಕಿಂತ ಒಳ್ಳೆಯದೇನಲ್ಲ. ನಸುಕಿನಲ್ಲಿ ಏಳುವಾಗ ನಿಮಿರುವಿಕೆ ಎಂದಿನಂತೆ ಇದ್ದು ಹೆಂಡತಿಯ ಜೊತೆ ಮಾತ್ರ ಬಾರದಿದ್ದರೆ ನಾಳಗಳು ಸರಿಯಾಗಿವೆ ಎಂಬ ಸುಳಿವು ಅದು. ನಿಧಾನವಾಗಿ, ತಿಂಗಳುಗಳಲ್ಲಿ, ನಸುಕಿನದೂ ಸೇರಿದಂತೆ ಎಲ್ಲ ಹೊತ್ತಿನದೂ ಕುಂದುತ್ತ ಬಂದರೆ ನಾಳದ ಕಡೆ ನೋಡಬೇಕು.

ಕೊಲೆಸ್ಟ್ರಾಲ್ ಇಳಿಸಿದರೆ ಶಕ್ತಿ ಮರಳುತ್ತದೆಯೇ? ನಾನು ಹೌದೆಂದು ಸರಳವಾಗಿ ಹೇಳಲಾರೆ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳ ಚಿಕ್ಕ ಚಿಕ್ಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದವರು ನಿಮಿರುವಿಕೆ ಸ್ವಲ್ಪ ಸುಧಾರಿಸಿತು ಎಂದಿದ್ದಾರೆ. ದೊಡ್ಡ ಪ್ರಯೋಗವಾದ 'ಹೋಪ್-3'ರಲ್ಲಿ ಸ್ಟ್ಯಾಟಿನ್ ಒಳ್ಳೆಯದನ್ನೂ ಮಾಡಲಿಲ್ಲ, ಕೆಟ್ಟದ್ದನ್ನೂ ಮಾಡಲಿಲ್ಲ. ಎರಡನೆಯ ಮಾತು ಮುಖ್ಯವಾದದ್ದು. 'ಕೊಲೆಸ್ಟ್ರಾಲಿನಿಂದಲೇ ಗಂಡಸಿನ ಹಾರ್ಮೋನು ಆಗುವುದು, ಅದನ್ನು ಇಳಿಸಿದರೆ ಗಂಡಸುತನವೂ ಇಳಿಯುತ್ತದೆ' ಎಂದು ಹೆದರಿ ಮಾತ್ರೆ ಬಿಟ್ಟವರಿದ್ದಾರೆ. ಅಂಥವರಿಗೆ ಹೇಳಬೇಕಾದ ಮಾತು ಇದೇ. ಹೆದರಿಕೆಯೇ ಕಾಯಿಲೆ ತರುತ್ತದೆ ಎಂಬುದಕ್ಕೆ 2003ರ ಇನ್ನೊಂದು ಇಟಲಿಯ ಪ್ರಯೋಗ ಸಾಕ್ಷಿ. ರಕ್ತದೊತ್ತಡಕ್ಕೂ ಹೃದಯಕ್ಕೂ ಕೊಡುವ ಅಟೆನೊಲಾಲ್ ಮಾತ್ರೆಯನ್ನು 96 ಗಂಡಸರಿಗೆ ಕೊಟ್ಟರು. ಯಾವ ಮಾತ್ರೆ ಎಂದು ತಿಳಿಯದವರಲ್ಲಿ ನಿಮಿರು ದೌರ್ಬಲ್ಯ ಕಂಡದ್ದು ಶೇ 3 ಮಂದಿಗೆ. ಮಾತ್ರೆಯ ಹೆಸರು ತಿಳಿದವರಲ್ಲಿ ಶೇ 16ರಷ್ಟು. ಹೆಸರಿನ ಜೊತೆಗೆ ಅದರ ಅಡ್ಡಪರಿಣಾಮವನ್ನೂ ಹೇಳಿಸಿಕೊಂಡವರಲ್ಲಿ ಶೇ 31.

ದಿನಚರಿ, ಊಟ ಬದಲಿಸಿದರೆ? ಇದಕ್ಕೆ ಉತ್ತರ ಹೆಚ್ಚು ಆಶಾದಾಯಕ. ನೇಪಲ್ಸಿನಲ್ಲಿ ಬೊಜ್ಜೂ ನಿಮಿರು ದೌರ್ಬಲ್ಯವೂ ಇದ್ದ 110 ಗಂಡಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವರ್ಷ ವ್ಯಾಯಾಮ, ಊಟ, ತೂಕ ಇಳಿಸುವುದರಲ್ಲಿ ಒಬ್ಬೊಬ್ಬರಿಗೂ ಮಾರ್ಗದರ್ಶನ ಕೊಟ್ಟರು. 2004ರಲ್ಲಿ ಪ್ರಕಟವಾದಂತೆ, ಆ ಗುಂಪಿನ 55 ಮಂದಿಯಲ್ಲಿ 17 ಜನರ ನಿಮಿರುವಿಕೆ ಸಹಜಕ್ಕೆ ಮರಳಿತು. ಬರಿಯ ಸಾಮಾನ್ಯ ಸಲಹೆ ಪಡೆದವರಲ್ಲಿ 3 ಜನರದು. ಎರಡು ವರ್ಷದ ಬೆವರಿಗೆ ಮೂರರಲ್ಲಿ ಒಬ್ಬನಿಗೆ ಫಲ. ಕಡಿಮೆ ಎನ್ನುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ, ಉಳಿದ ಇಬ್ಬರ ಹೃದಯಕ್ಕೂ ಆ ಬೆವರು ಸಂದಿದೆ.

ಮಾತ್ರೆಯ ಬಗ್ಗೆ ಒಂದು ಗಂಭೀರ ಮಾತು. ಸಿಲ್ಡೆನಾಫಿಲ್ ಮೂಲತಃ ಎದೆನೋವಿಗೆಂದು ಪರೀಕ್ಷಿಸಿದ ಔಷಧ. 1998ರ ಮಾರ್ಚಿನಲ್ಲಿ ಅಮೆರಿಕದಲ್ಲಿ ನಿಮಿರು ದೌರ್ಬಲ್ಯಕ್ಕೆ ಅದರ ಒಪ್ಪಿಗೆ ಸಿಕ್ಕಿತು. ಅದು ನೈಟ್ರಿಕ್ ಆಕ್ಸೈಡನ್ನು ಹುಟ್ಟಿಸುವುದಿಲ್ಲ, ಆ ಅನಿಲ ತಂದ ಸಂದೇಶ ಬೇಗ ಅಳಿಯದಂತೆ ನೋಡಿಕೊಳ್ಳುತ್ತದೆ. ವೈದ್ಯರು ನೋಡಿ ಕೊಟ್ಟರೆ ಒಳ್ಳೆಯ ಔಷಧ. ಎದೆನೋವಿಗೆ ನಾಲಗೆಯಡಿ ಇಡುವ ಸಾರ್ಬಿಟ್ರೇಟಿನಂಥ ನೈಟ್ರೇಟ್ ಮಾತ್ರೆಗಳೂ ಇದೇ ನೈಟ್ರಿಕ್ ಆಕ್ಸೈಡಿನ ದಾರಿಯಲ್ಲೇ ಕೆಲಸ ಮಾಡುತ್ತವೆ. ಎರಡೂ ಒಂದೇ ಮೈಯಲ್ಲಿ ಸೇರಿದರೆ ರಕ್ತದೊತ್ತಡ ಪಾತಾಳಕ್ಕೆ ಬಿದ್ದು ಪ್ರಾಣ ಹೋಗಬಹುದು. ಸಿಲ್ಡೆನಾಫಿಲ್ ನುಂಗಿದ 24 ಗಂಟೆಯೊಳಗೆ, ಅದೇ ಬಗೆಯ ಟಡಾಲಫಿಲ್ ಆದರೆ 48 ಗಂಟೆಯೊಳಗೆ ನೈಟ್ರೇಟ್ ಮುಟ್ಟಬಾರದು. ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಪಿಸುಮಾತಿನಲ್ಲಿ ಕೊಂಡವನಿಗೆ ಇದನ್ನು ಹೇಳುವವರು ಯಾರು? ಅವನಿಗೆ ಎದೆನೋವು ಬಂದು ಅಂಬುಲೆನ್ಸಿನಲ್ಲಿ ತಂದಾಗ, ಜೊತೆಗೆ ಬಂದ ಹೆಂಡತಿಗೂ ಮಗನಿಗೂ ಅವನು ಏನು ನುಂಗಿದ್ದಾನೆ ಎಂದು ಗೊತ್ತಿರುವುದಿಲ್ಲ. 'ಗಿಡಮೂಲಿಕೆ' ಎಂದು ಮಾರುವ ಎಷ್ಟೋ ಶಕ್ತಿವರ್ಧಕಗಳಲ್ಲಿ ಇದೇ ಸಿಲ್ಡೆನಾಫಿಲನ್ನು ಗುಟ್ಟಾಗಿ ಬೆರೆಸಿರುವುದನ್ನು ಅಮೆರಿಕದ ಔಷಧ ನಿಯಂತ್ರಕರು ಮತ್ತೆ ಮತ್ತೆ ಪತ್ತೆಮಾಡಿ ಎಚ್ಚರಿಸಿದ್ದಾರೆ. ಲೈಂಗಿಕ ಸಾಮರ್ಥ್ಯ ಹೆಚ್ಚಿಸುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನು ನಮ್ಮ ದೇಶದಲ್ಲಿ 1954ರ ಕಾನೂನು ನಿಷೇಧಿಸಿದೆ. ಗೋಡೆಗಳು ಮಾತ್ರ ಆ ಕಾನೂನನ್ನು ಓದಿಲ್ಲ.

ಇನ್ನು ಉಳಿದದ್ದು ಕೇಳುವ ಬಗೆ. ಮೂವತ್ತು ದಾಟಿದವರ ರಕ್ತದೊತ್ತಡ, ಸಕ್ಕರೆ ನೋಡುವ ಸರ್ಕಾರಿ ಕಾರ್ಯಕ್ರಮ ಈಗ ಹಳ್ಳಿಹಳ್ಳಿಗೂ ಬಂದಿದೆ. ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಬೀಡಿ ಸೇದುತ್ತೀರಾ, ಸೊಂಟದ ಸುತ್ತಳತೆ ಎಷ್ಟು, ಮನೆಯಲ್ಲಿ ಯಾರಿಗಾದರೂ ಸಕ್ಕರೆ ಇದೆಯೇ ಎಂದು ಕೇಳಿ ಬರೆದುಕೊಳ್ಳುತ್ತಾರೆ. ನಿಮಿರು ದೌರ್ಬಲ್ಯದ ಪ್ರಶ್ನೆಯನ್ನು ಅವರ ಮೇಲೆ ಹೊರಿಸುವುದು ನ್ಯಾಯವಲ್ಲ. ಊರಿನ ಸೊಸೆಯೊಬ್ಬಳು ಊರಿನ ಗಂಡಸನ್ನು ಕೇಳುವ ಮಾತಲ್ಲ ಅದು. ಅದು ವೈದ್ಯನ ಪಾಲಿನದು. ವೈದ್ಯನಾದರೂ ಯಾವ ಮಾತಿನಲ್ಲಿ ಕೇಳಬೇಕು? ನಮ್ಮ ಕಾಲೇಜುಗಳು ರೋಗಿಯನ್ನು ಪ್ರಶ್ನಿಸುವುದನ್ನು ಇಂಗ್ಲಿಷಿನಲ್ಲಿ ಕಲಿಸುತ್ತವೆ. ಕನ್ನಡದಲ್ಲಿ ಕೇಳಬೇಕಾದಾಗ ತರುಣ ವೈದ್ಯರ ನಾಲಗೆ ತಡವರಿಸುತ್ತದೆ, ಪ್ರಶ್ನೆಯೇ ಬಿಟ್ಟುಹೋಗುತ್ತದೆ. ವೈದ್ಯ ಲೇಖಕಿ ಅನುಪಮಾ ನಿರಂಜನ ಅವರು 'ದಾಂಪತ್ಯ ದೀಪಿಕೆ' ಪುಸ್ತಕದ ಮೂಲಕ ಇಂಥ ವಿಷಯಗಳನ್ನು ಮರ್ಯಾದೆಯ ಕನ್ನಡದಲ್ಲಿ ಮನೆಗಳಿಗೆ ತಲುಪಿಸಿದ ನಾಡು ಇದು, ಪದಗಳಿಗೆ ಬರವಿಲ್ಲ.

ವೈದ್ಯಮಿತ್ರರಲ್ಲಿ ನನ್ನ ಬಿನ್ನಹ ಇಷ್ಟು. ಸಕ್ಕರೆ, ಬಿ.ಪಿ., ಕೊಲೆಸ್ಟ್ರಾಲ್ ಯಾವುದೇ ಇರುವ ಗಂಡಸು ಎದುರು ಕೂತಾಗ, ಜೊತೆಗಾರರನ್ನು ಎರಡು ನಿಮಿಷ ಹೊರಗೆ ಕಳಿಸಿ, ಬಾಗಿಲು ಮುಂದಕ್ಕೆ ಮಾಡಿ, 'ಈ ಕಾಯಿಲೆ ಇರುವವರಿಗೆ ಹೆಂಡತಿ ಜೊತೆ ಸೇರುವಾಗ ಬಿಗಿ ಬರುವುದು ಕಡಿಮೆಯಾಗುವುದುಂಟು, ನಿಮಗೆ ಹೇಗಿದೆ?' ಎಂದು ಕೇಳಿ. ಆ ತೊಂದರೆಯನ್ನೇ ಹೇಳಿಕೊಂಡು ಬಂದವನಿಗೆ ಮಾತ್ರೆ ಬರೆಯುವ ಮುನ್ನ ರಕ್ತದೊತ್ತಡ ನೋಡಿ, ಸೊಂಟ ಅಳೆಯಿರಿ, ಸಕ್ಕರೆ ಮತ್ತು ಲಿಪಿಡ್ ಪ್ರೊಫೈಲ್ ಬರೆದುಕೊಡಿ, ಮೆಟ್ಟಿಲು ಹತ್ತುವಾಗ ಎದೆ ಹಿಡಿಯುತ್ತದೆಯೇ ಎಂದು ವಿಚಾರಿಸಿ, ನೈಟ್ರೇಟ್ ನುಂಗುತ್ತಿದ್ದಾನೆಯೇ ಎಂದು ಖಚಿತಪಡಿಸಿಕೊಳ್ಳಿ. ಅವನು 'ನರದ ವೀಕ್‌ನೆಸ್ ಸಾರ್' ಎಂದರೆ ತಿದ್ದಲು ಹೋಗಬೇಡಿ. ಹೌದು, ನರದ್ದೇ ಎನ್ನಿ. ಯಾವ ನರ ಎಂಬುದನ್ನು ಕಾಗದದ ಮೇಲೆ ಎರಡು ಗೆರೆ ಎಳೆದು, ಒಂದು ಸಣ್ಣದು, ಒಂದು ದೊಡ್ಡದು, ತೋರಿಸಿ.